ಕಿತ್ತಳೆಯ ಎಂಟು ಹೋಳು

ಬಾಲಸುಬ್ರಹ್ಮಣ್ಯನ ಫಜೀತಿಗೆಲ್ಲ ಮೂಲ ಒಂದೇ ಒಂದು ಪ್ಯಾರಾ. ಅದನ್ನು ಬರೆದವರು ಚಂದ್ರಮೋಹನ್. ಜಪಾನಿನ ಒಕಾಜಾಕಿಯಲ್ಲಿ ಅವನ ಮೇಲಿನ ಮಹಡಿಯ ಫ್ಲ್ಯಾಟಿನವರು, ಮಿಕಾವಾ ಕನ್ನಡ ಬಳಗದ ಕಾರ್ಯದರ್ಶಿ. ಎರಡು ಸಾವಿರದ ಇಪ್ಪತ್ತೊಂದರ ರಾಜ್ಯೋತ್ಸವವನ್ನು ಕೊರೊನಾದ ದೆಸೆಯಿಂದ ಜೂಮ್‌ನಲ್ಲೇ ಮಾಡಬೇಕಾಯಿತು. ವಂದನಾರ್ಪಣೆ ಬಾಲುವಿನ ಪಾಲಿಗೆ ಬಂತು. ವಂದಿಸುವವನಿಗೂ ಒಂದು ಪರಿಚಯ ಬೇಡವೇ ಎಂದು ಚಂದ್ರಮೋಹನ್ ಫೇಸ್‌ಬುಕ್ಕನ್ನು ಕೆದಕಿದಾಗ ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದರ ಫುಟ್‌ಬಾಲ್ ತಂಡದ ಹಳೆಯ ಫೋಟೋ ಸಿಕ್ಕಿತು. ಹನ್ನೊಂದು ಆಟಗಾರರ ಸಾಲಿನ ಕೊನೆಯಲ್ಲಿ, ಎರಡೂ ಕೈಯಲ್ಲಿ ಚೆಂಡು ಹಿಡಿದು, ಹಲ್ಲು ಬಿಟ್ಟುಕೊಂಡು ನಿಂತವನು ಬಾಲು.

ಚೆಂಡು ಅವನ ಕೈಯಲ್ಲಿದ್ದದ್ದು ಅದಕ್ಕೆ ಗಾಳಿ ಹೊಡೆಯುವ ಕೆಲಸ ಅವನದಾಗಿದ್ದರಿಂದ. ಹಾಫ್ ಟೈಮಿನಲ್ಲಿ ಆಟಗಾರರಿಗೆ ಕಿತ್ತಳೆ ಕತ್ತರಿಸಿ ಹಂಚುವುದೂ ಅವನ ಕೆಲಸವೇ. ನಾಲ್ಕು ವರ್ಷದಲ್ಲಿ ಅವನ ಕಾಲು ಚೆಂಡಿಗೆ ತಗುಲಿದ್ದು ಒಂದು ಸಲ, ಅದೂ ಚೆಂಡು ಚರಂಡಿಗೆ ಉರುಳುತ್ತಿತ್ತೆಂದು. ಚಂದ್ರಮೋಹನ್ ಇದನ್ನೆಲ್ಲ ವಿಚಾರಿಸುವ ಗೋಜಿಗೆ ಹೋಗದೆ 'ಮೈಸೂರು ಫುಟ್‌ಬಾಲ್ ಲೋಕದ ಧ್ರುವತಾರೆ, ಎದುರಾಳಿಗಳ ಪಾಲಿನ ಸಿಂಹಸ್ವಪ್ನ' ಎಂದು ಗಂಭೀರವಾಗಿ ಓದಿದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮಲ್ಲಿ ಪರಿಚಯ ಭಾಷಣವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಸಲ್ಲಿಸುವ ಒಂದು ಮರ್ಯಾದೆ. ಹೇಳುವವರೂ ಅದನ್ನು ನಂಬುವುದಿಲ್ಲ, ಕೇಳುವವರೂ ನಂಬುವುದಿಲ್ಲ. ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ. ಆದರೆ ಆ ದಿನ ಮುಖ್ಯ ಅತಿಥಿಯಾಗಿ ಜೂಮ್‌ನ ಒಂದು ಚೌಕದಲ್ಲಿ ಬಾಲುವಿನ ಕಂಪನಿಯ ವಿಭಾಗ ಮುಖ್ಯಸ್ಥ ಒಕುದಾ-ಸಾನ್ ಕೋಟು ಟೈ ತೊಟ್ಟು ಕೂತಿದ್ದರು. ಚಂದ್ರಮೋಹನ್ ಒಂದೊಂದು ವಾಕ್ಯವನ್ನೂ ಜಪಾನಿಗೆ ತಿರುಗಿಸಿ ಹೇಳುತ್ತಿದ್ದರು, ಒಕುದಾ-ಸಾನ್ ಒಂದೊಂದು ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ತಮ್ಮನ್ನು 'ಕೈಗಾರಿಕಾ ರಂಗದ ಭೀಷ್ಮ' ಎಂದದ್ದಕ್ಕೆ ಮಾರನೆಯ ದಿನವೇ ಬಳಗಕ್ಕೆ ಪತ್ರ ಬರೆದು, ತಾವು ಬ್ರೇಕ್ ಬಿಡಿಭಾಗಗಳ ಗುಣಮಟ್ಟ ವಿಭಾಗದ ಮುಖ್ಯಸ್ಥ ಮಾತ್ರ, ದಯವಿಟ್ಟು ತಿದ್ದಿಕೊಳ್ಳಬೇಕು ಎಂದು ಕೋರಿದ್ದರು. ಬಾಲು ಅಂಥ ಪತ್ರ ಬರೆಯಲಿಲ್ಲ. ಅವನು ಮಾಡಿದ ತಪ್ಪು ಅಷ್ಟೇ.

ಒಕುದಾ-ಸಾನ್‌ಗೆ ಬ್ರೇಕ್ ಬಿಟ್ಟರೆ ಪ್ರಾಣದಷ್ಟು ಪ್ರೀತಿಯ ಇನ್ನೊಂದು ವಸ್ತುವಿತ್ತು. ಅದು ತಾವು ಓದಿದ ಮಿದೊರಿಗಾವಾ ಕಾಲೇಜಿನ ಫುಟ್‌ಬಾಲ್ ತಂಡ. ಜಪಾನಿನಲ್ಲಿ ಇಂಥ ತಂಡಗಳನ್ನು ಸಾಕುವುದು ಹಳೆಯ ವಿದ್ಯಾರ್ಥಿಗಳು. ಅವರ ಸಂಘಕ್ಕೆ ಒಕುದಾ-ಸಾನ್ ಅಧ್ಯಕ್ಷರು. ಹಳೆಯ ಕೋಚ್ ವಯಸ್ಸಾಯಿತೆಂದು ಬಿಟ್ಟಿದ್ದರು. ಬ್ರೆಜಿಲ್‌ನಿಂದ ಬರಬೇಕಾಗಿದ್ದ ಹೊಸ ಕೋಚ್ ಪೆಟ್ಟಿಗೆ ಕಟ್ಟಿ ಕೂತಿರುವಾಗಲೇ ನವೆಂಬರ್ ಕೊನೆಗೆ ಹೊಸ ರೂಪದ ವೈರಸ್ ಬಂದು ಸರ್ಕಾರ ವಿದೇಶಿಯರಿಗೆ ಬಾಗಿಲು ಹಾಕಿಬಿಟ್ಟಿತು. ದೇಶದೊಳಗೇ ಇರುವ ವಿದೇಶಿ ಧ್ರುವತಾರೆಯ ನೆನಪು ಒಕುದಾ-ಸಾನ್‌ಗೆ ಆಗಲೇ ಬಂದದ್ದು. ವಾರದೊಳಗೆ ಮೂರು ಜನರ ಹೊಸ ಕೋಚಿಂಗ್ ಪಡೆ ತಯಾರಾಯಿತು. ಮೂರನೆಯ ಹೆಸರು ಬಾಲಸುಬ್ರಹ್ಮಣ್ಯನದು. ಅಷ್ಟುದ್ದದ ಹೆಸರು ಹೇಳಲಾಗದೆ ಅಲ್ಲಿಯವರು 'ಲ'ವನ್ನು 'ರ' ಮಾಡಿ ಅವನನ್ನು ಬಾರಾ-ಸಾನ್ ಎನ್ನುತ್ತಿದ್ದರು.

ಆಗುವುದಿಲ್ಲ ಎನ್ನುವ ಸ್ಥಿತಿಯಲ್ಲಿ ಬಾಲು ಇರಲಿಲ್ಲ. ಅವನ ಕೆಲಸದ ಒಪ್ಪಂದ ಮಾರ್ಚಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವ ಪತ್ರ ಒಕುದಾ-ಸಾನ್‌ರ ಮೇಜಿನ ಡ್ರಾಯರಿನಲ್ಲಿ ಅವರ ಮುದ್ರೆಗಾಗಿ ಕಾಯುತ್ತಿತ್ತು. ಮುದ್ರೆ ಬೀಳದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಮೈಸೂರು. ಆ ದಿನಗಳಲ್ಲಿ ಒಮ್ಮೆ ಹೊರಗೆ ಹೋದವರು ಮತ್ತೆ ಒಳಗೆ ಬರುವುದು ಯಾವಾಗ ಎಂದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಮಗಳು ಸ್ಫೂರ್ತಿ ಇಲ್ಲೇ ಹುಟ್ಟಿ ಇಲ್ಲಿನ ನಾಲ್ಕನೆಯ ಕ್ಲಾಸಿನಲ್ಲಿ ಓದುತ್ತಿದ್ದಳು. ಹೆಂಡತಿ ಕಾತ್ಯಾಯಿನಿಗೆ ಶಿಶುವಿಹಾರವೊಂದರಲ್ಲಿ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಆದ್ದರಿಂದ ಬಾಲು ಸೊಂಟ ಬಗ್ಗಿಸಿ 'ಹಾಯ್', ಅಂದರೆ ಜಪಾನಿಯಲ್ಲಿ ಆಗಲಿ, ಎಂದಿದ್ದ.

ಡಿಸೆಂಬರಿನ ಎರಡನೆಯ ಭಾನುವಾರ ಹೊಸ ಕೋಚ್‌ಗಳ ಪರಿಚಯ, ಅದರ ಹಿಂದೆಯೇ ಪಕ್ಕದ ಊರಿನ ಕಾಲೇಜಿನ ಜೊತೆ ಒಂದು ಸ್ನೇಹ ಪಂದ್ಯ. ಬೆಳಿಗ್ಗೆ ಏಳಕ್ಕೆ ಬಾಲು ಹೊಸ ಹಸಿರು ಟ್ರ್ಯಾಕ್‌ಸೂಟಿನಲ್ಲಿ ಇಡ್ಲಿಯ ಮುಂದೆ ಕೂತಿದ್ದ.

"ಅಪ್ಪಾ, ಆಫ್‌ಸೈಡ್ ವಾಕಾರು?" ಎಂದಳು ಸ್ಫೂರ್ತಿ. ಗೊತ್ತಾ ಎನ್ನುವುದನ್ನು ಅವಳು ಜಪಾನಿಯಲ್ಲೇ ಕೇಳುವುದು. ಸ್ಕೂಲಿನ ತಂಡದಲ್ಲಿ ಆಡುತ್ತಿದ್ದ ಅವಳೇ ಮನೆಯಲ್ಲಿ ಫುಟ್‌ಬಾಲ್ ಬಲ್ಲ ಏಕೈಕ ಜೀವ.

"ಸ್ವಲ್ಪ ಸ್ವಲ್ಪ," ಎಂದ ಬಾಲು.

"ಓಕೆ, ಲುಕ್. ಚಟ್ನಿ ಈಸ್ ದ ಗೋಲ್. ಈ ಇಡ್ಲಿ ಲಾಸ್ಟ್ ಡಿಫೆಂಡರ್. ಸ್ಪೂನ್ ಈಸ್ ಯು. ಪಾಸ್ ಬರೋವಾಗ ನೀನು ಇಡ್ಲಿ ಹಿಂದೆ ಇದ್ರೆ…"

ಬಾಲು ಗಾಬರಿಯಲ್ಲಿ ಡಿಫೆಂಡರ್‌ನನ್ನು ಮುರಿದು ಗೋಲಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. ಸ್ಫೂರ್ತಿ ಹಣೆ ಚಚ್ಚಿಕೊಂಡಳು.

"ರೀ, ಇವತ್ತು ನಿಜ ಹೇಳ್ಬಿಡಿ," ಎಂದಳು ಕಾತ್ಯಾಯಿನಿ. "ಅವ್ರು ಸೀಲ್ ಒತ್ತೋಕ್ ಮುಂಚೆ ಹೇಳಿದ್ರೆ ಮರ್ಯಾದೆ. ಒತ್ತಿದ್ ಮೇಲೆ ಗೊತ್ತಾದ್ರೆ ಮೋಸ ಮಾಡ್ದಂಗಾಗತ್ತೆ. ಅದೂ ಅಲ್ದೆ ಪಾಪ ಆ ಹುಡುಗ್ರು. ಎರಡು ವರ್ಷದಿಂದ ಕೊರೊನಾ ಅಂತ ಆಡೇ ಇಲ್ವಂತೆ. ಅವ್ರಿಗೆ ನೀವಾ ಕೋಚು?"

ಕೊನೆಯ ಮಾತು ಸ್ವಲ್ಪ ಚುಚ್ಚಿದರೂ ಬಾಲು ಒಪ್ಪಿದ. "ಕಾರಲ್ಲೇ ಹೇಳ್ತೀನಿ. ಒಕುದಾ-ಸಾನ್ ಕರ್ಕೊಂಡ್ ಹೋಗೋಕೆ ಬರ್ತಿದಾರೆ."

"ಬರೀ ಕೈಯಲ್ಲಿ ಹೋಗ್ಬೇಡಿ," ಎಂದು ಅವಳು ಒಂದು ಚೀಲ ಕಿತ್ತಳೆ ಕೊಟ್ಟಳು.

ಮೆಟ್ಟಿಲ ಬಳಿ ಚಂದ್ರಮೋಹನ್ ಮೊಬೈಲ್ ಸ್ಟ್ಯಾಂಡನ್ನು ಹೆಗಲ ಮೇಲಿಟ್ಟುಕೊಂಡು ಸಿದ್ಧರಾಗಿ ನಿಂತಿದ್ದರು. "ಬಾಲು ಸರ್, ನಾನೂ ಬರ್ತಿದೀನಿ. ಬಳಗದ ಪೇಜಲ್ಲಿ ಲೈವ್. ನಿಮ್ ಜಪಾನೀಸ್ ಎಲ್ಲಾದ್ರೂ ತಡವರಿಸಿದ್ರೆ ನಾನಿದೀನಿ."

"ಸಾರ್, ನೀವು ಸುಮ್ನಿದ್ರೆ ಸಾಕು," ಎಂದ ಬಾಲು.

ಸೋಂಕಿನ ಭಯಕ್ಕೆ ಒಕುದಾ-ಸಾನ್ ಕಾರಿನ ನಾಲ್ಕೂ ಕಿಟಕಿ ಇಳಿಸಿದ್ದರು. ಡಿಸೆಂಬರಿನ ಗಾಳಿ ಮಾಸ್ಕಿನೊಳಗೆ ನುಗ್ಗಿ ಹಲ್ಲು ಕಟಕಟ ಎನ್ನುತ್ತಿತ್ತು. ಊರ ಹೊರಗಿನ ಸೇತುವೆ ದಾಟುವಾಗ ಬಾಲು ಧೈರ್ಯ ಮಾಡಿ ಮನೆಯಲ್ಲಿ ಉರು ಹೊಡೆದಿದ್ದ ಜಪಾನಿ ವಾಕ್ಯವನ್ನು ಹೇಳಿದ. "ಒಕುದಾ-ಸಾನ್, ನಾನು ಫುಟ್‌ಬಾಲ್ ಆಡಿದವನೇ ಅಲ್ಲ. ನನಗೆ ಏನೂ ಗೊತ್ತಿಲ್ಲ. ಕಿತ್ತಳೆ ಹಣ್ಣು ಕತ್ತರಿಸ್ತಿದ್ದೆ, ಅಷ್ಟೇ. ದಯವಿಟ್ಟು ಕ್ಷಮಿಸಬೇಕು."

ಒಕುದಾ-ಸಾನ್ ಕಾರನ್ನು ನಿಧಾನವಾಗಿ ರಸ್ತೆ ಬದಿಗೆ ತಂದು ನಿಲ್ಲಿಸಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬಾರಾ-ಸಾನ್, ನೀವು ಜಪಾನಿಗೆ ಬಂದು ಎಷ್ಟು ವರ್ಷವಾಯಿತು?"

"ಹತ್ತು."

"ಹತ್ತೇ ವರ್ಷಕ್ಕೆ ಇದನ್ನು ಕಲಿತಿರಿ. ನಮ್ಮಲ್ಲಿ ನಿಜವಾಗಿ ಬಲ್ಲವನು ನನಗೇನೂ ಗೊತ್ತಿಲ್ಲ ಅನ್ನುತ್ತಾನೆ. ಅಲ್ಪಸ್ವಲ್ಪ ಗೊತ್ತಿರುವವನು ಮಾತ್ರ ಗೊತ್ತು ಅನ್ನುತ್ತಾನೆ. ಈಗಿನ ನಮ್ಮ ಹುಡುಗರಿಗೇ ಇದು ತಿಳಿಯದು." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿಮ್ಮ ಒಪ್ಪಂದದ ಪತ್ರ ಡ್ರಾಯರಿನಲ್ಲಿದೆ. ಇಂದಿನ ಕಾರ್ಯಕ್ರಮ ಮುಗಿಯಲಿ, ಆಮೇಲೆ ಅದರ ವಿಷಯ ಮಾತಾಡೋಣ."

"ಇಲ್ಲ, ನಾನು ನಿಜವಾಗಿಯೂ…"

"ಸಾಕು, ಸಾಕು. ಇನ್ನೂ ಹೇಳಿದರೆ ನನಗೆ ಅಳು ಬರುತ್ತದೆ," ಎಂದು ಒಕುದಾ-ಸಾನ್ ಕಾರು ಹೊರಡಿಸಿದರು. ಹಿಂದಿನ ಸೀಟಿನಿಂದ ಚಂದ್ರಮೋಹನ್ ಕನ್ನಡದಲ್ಲಿ, "ನೋಡಿದ್ರಾ? ಇಷ್ಟು ಚೆನ್ನಾಗ್ ನನಗೂ ಇಂಟ್ರೊಡಕ್ಷನ್ ಕೊಡೋಕಾಗ್ತಿರ್ಲಿಲ್ಲ," ಎಂದರು.

ಮೈದಾನದಲ್ಲಿ ಹಣೆಗೆ ಜ್ವರ ಅಳೆಯುವ ಯಂತ್ರ ಹಿಡಿಸಿಕೊಂಡು, ಕೈಗೆ ಸ್ಯಾನಿಟೈಸರ್ ಹಾಕಿಸಿಕೊಂಡು ಒಳಗೆ ಹೋದರು. ಹದಿಮೂರು ಹುಡುಗರು ಎರಡೆರಡು ಮೀಟರ್ ದೂರದಲ್ಲಿ ಸಾಲಾಗಿ ನಿಂತಿದ್ದರು. ನಾಯಕ ತಕುಮಿ ಕೊನೆಯ ವರ್ಷದವನು. ಅವನ ನಾಲ್ಕು ವರ್ಷದಲ್ಲಿ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ, ಕೊರೊನಾ ಬಂದ ಮೇಲಂತೂ ಒಂದು ಗೋಲನ್ನೂ ಹೊಡೆದಿರಲಿಲ್ಲ. ಮಾರ್ಚಿಗೆ ಕಾಲೇಜು ಮುಗಿಸಿ ಅವನು ಆಫೀಸು ಸೇರುವವನಿದ್ದ. ಬೆಂಚಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಇನ್ನೂರು ಜನ ಹಳೆಯ ವಿದ್ಯಾರ್ಥಿಗಳು ಪುಟ್ಟ ಪುಟ್ಟ ಚೌಕಗಳಲ್ಲಿ ಕೂತು ನೋಡುತ್ತಿದ್ದರು.

ಮೊದಲು ಮುಖ್ಯ ಕೋಚ್ ಸುಗಿಯುರಾ-ಸಾನ್ ಮುಂದೆ ಬಂದರು. ಎಪ್ಪತ್ತರ ಹತ್ತಿರದ, ಗಿಡ್ಡಗೆ ಗಟ್ಟಿಮುಟ್ಟಾದ ಮನುಷ್ಯ.

"ನನಗೆ ಫುಟ್‌ಬಾಲ್ ಏನೂ ಗೊತ್ತಿಲ್ಲ," ಎಂದರು ಅವರು. "ನಲವತ್ತು ವರ್ಷ ಮಿಸೊ ಕಾರ್ಖಾನೆಯಲ್ಲಿ ಕಲ್ಲು ಪೇರಿಸಿದವನು. ಆಳೆತ್ತರದ ಮರದ ಪೀಪಾಯಿಯಲ್ಲಿ ಸೋಯಾ ಹಿಟ್ಟು ತುಂಬಿ, ಮೇಲೆ ಗೋಪುರದ ಹಾಗೆ ಹೊಳೆಗಲ್ಲು ಜೋಡಿಸಬೇಕು. ಹಿಟ್ಟು ಹುದುಗುವ ಎರಡು ವರ್ಷ ಕಲ್ಲು ಅಲುಗಬಾರದು. ಭೂಕಂಪವಾದರೂ ನಾನು ಇಟ್ಟ ಕಲ್ಲು ಬಿದ್ದಿಲ್ಲ. ಇಷ್ಟೇ."

ಹುಡುಗರು ಚಪ್ಪಾಳೆ ತಟ್ಟಿದರು. ಕೂಗಿ ಹುರಿದುಂಬಿಸುವುದಕ್ಕೆ ಆಗ ನಿಷೇಧವಿತ್ತು. ಬಾಲು ಕಾರಿನಲ್ಲಿ ಕಲಿತ ಲೆಕ್ಕವನ್ನು ಹಾಕಿ ನೋಡಿದ. ಏನೂ ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಬೇಕಾದರೆ ಈ ಮುದುಕ ಯಾವ ಮಟ್ಟದ ಆಟಗಾರನಾಗಿದ್ದಿರಬೇಕು.

"ನ್ಯಾಷನಲ್ ಟೀಮೇ ಇರ್ಬೇಕು," ಎಂದು ಚಂದ್ರಮೋಹನ್ ಕಿವಿಯಲ್ಲಿ ಪಿಸುಗುಟ್ಟಿದರು.

ಎರಡನೆಯವರು ಗೋಲ್‌ಕೀಪರ್‌ಗಳ ಕೋಚ್ ನೊನೊಯಾಮಾ-ಸಾನ್, ಐವತ್ತು ದಾಟಿದ ಹೆಂಗಸು. "ಇಪ್ಪತ್ತೆಂಟು ವರ್ಷ ಸಿಟಿ ಬಸ್ ಓಡಿಸಿದ್ದೇನೆ. ಒಂದು ಅಪಘಾತವೂ ಆಗಿಲ್ಲ. ಚೆಂಡನ್ನು ಮುಟ್ಟಿ ಗೊತ್ತಿಲ್ಲ," ಎಂದು ಎರಡೇ ಮಾತಿನಲ್ಲಿ ಮುಗಿಸಿ ಹಿಂದೆ ಸರಿದರು. ಚಪ್ಪಾಳೆ ಇನ್ನೂ ಜೋರಾಯಿತು. ಬಾಲುವಿಗೆ ಧೈರ್ಯ ಬಂತು. ಇಂಥ ಇಬ್ಬರು ಘಟಾನುಘಟಿಗಳು ಇರುವಾಗ ತಾನು ಮೂಲೆಯಲ್ಲಿ ನಿಂತು ತಲೆಯಾಡಿಸಿದರೂ ನಡೆಯುತ್ತದೆ, ಹುಡುಗರಿಗೇನೂ ನಷ್ಟವಿಲ್ಲ ಎನ್ನಿಸಿತು. ಆದರೂ ಹೆಂಡತಿಗೆ ಕೊಟ್ಟ ಮಾತಿತ್ತು.

"ನಾನು ಆಡಿಲ್ಲ," ಎಂದ ಬಾಲು. "ಕಾಲೇಜಿನಲ್ಲಿ ನಾಲ್ಕು ವರ್ಷ ಕಿತ್ತಳೆ ಕತ್ತರಿಸಿದ್ದೇನೆ."

ತಕುಮಿ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. "ಕೋಚ್, ಒಂದು ಕಿತ್ತಳೆಗೆ ಎಷ್ಟು ಹೋಳು?"

"ಎಂಟು."

"ಯಾಕೆ ಎಂಟು?"

ಬಾಲು ಯೋಚಿಸಿದ. ಈ ಒಂದು ವಿಷಯ ಅವನಿಗೆ ನಿಜವಾಗಿಯೂ ಗೊತ್ತಿತ್ತು. "ಆರು ಮಾಡಿದರೆ ದಪ್ಪವಾಗಿ ಬಾಯಿಗೆ ಹಿಡಿಸುವುದಿಲ್ಲ. ಹತ್ತು ಮಾಡಿದರೆ ರಸವೆಲ್ಲ ಚಾಕುವಿಗೇ ಹೋಗುತ್ತದೆ. ಎಂಟು ಮಾಡಿದರೆ ಪ್ರತಿಯೊಬ್ಬನಿಗೂ ತನ್ನ ಹೋಳು ಯಾವುದೆಂದು ಗೊತ್ತಿರುತ್ತದೆ. ಯಾರೂ ಇನ್ನೊಬ್ಬನ ಹೋಳಿಗೆ ಕೈ ಹಾಕುವುದಿಲ್ಲ."

ಹದಿಮೂರು ನೋಟ್‌ಬುಕ್‌ಗಳು ಹೊರಬಂದವು. ಲ್ಯಾಪ್‌ಟಾಪಿನೊಳಗಿಂದ ಯಾರೋ ಹಿರಿಯರು "ಓಓ" ಎಂದು ಉಸಿರೆಳೆದದ್ದು ಕೇಳಿಸಿತು. ಸುಮ್ಮನಿರಲಾರದ ಚಂದ್ರಮೋಹನ್, "ಭಾರತದಲ್ಲಿ ಎಂಟು ದಿಕ್ಕುಗಳಿಗೆ ಎಂಟು ಜನ ಪಾಲಕರಿದ್ದಾರೆ," ಎಂದು ಜಪಾನಿಯಲ್ಲಿ ಒಂದು ಒಗ್ಗರಣೆ ಹಾಕಿದರು. ಅದೂ ನೋಟ್‌ಬುಕ್ಕಿಗೆ ಹೋಯಿತು.

ಪಂದ್ಯ ಶುರುವಾಯಿತು. ಬಾಲು ಸುಗಿಯುರಾ-ಸಾನ್‌ರ ಹಿಂದೆ ನಿಂತ. ಸುಗಿಯುರಾ-ಸಾನ್ ತಿರುಗಿ, "ಬಾರಾ-ಸಾನ್, ದಯವಿಟ್ಟು ನೀವು ಹೇಳಿ," ಎಂದರು.

"ಅಯ್ಯೋ, ಹಿರಿಯರು ನೀವು."

"ಇಲ್ಲ, ಇಲ್ಲ. ನೀವು ಅತಿಥಿಗಳು."

"ನೊನೊಯಾಮಾ-ಸಾನ್ ಹೇಳಲಿ."

"ನಾನೇ? ಇಬ್ಬರು ದೊಡ್ಡವರು ಇರುವಾಗ," ಎಂದು ನೊನೊಯಾಮಾ-ಸಾನ್ ಎರಡು ಹೆಜ್ಜೆ ಹಿಂದೆ ಹೋದರು.

ಹೀಗೆ ಒಬ್ಬರಿಗೊಬ್ಬರು ಬಾಗಿ ಬಾಗಿ ದಾರಿ ಬಿಟ್ಟುಕೊಡುವಷ್ಟರಲ್ಲಿ ಎದುರಾಳಿಗಳ ಎರಡು ಗೋಲಾಗಿದ್ದವು. ಹುಡುಗರೆಲ್ಲ ಚೆಂಡು ಹೋದಲ್ಲೆಲ್ಲ ಗುಂಪಾಗಿ ಓಡುತ್ತಿದ್ದರು, ಮದುವೆ ಮನೆಯಲ್ಲಿ ಜಿಲೇಬಿ ತಟ್ಟೆಯ ಹಿಂದೆ ಓಡುವ ಮಕ್ಕಳ ಹಾಗೆ. ಮೂರನೆಯ ಗೋಲಾಯಿತು. ಸುಗಿಯುರಾ-ಸಾನ್ ಕಣ್ಣು ಮುಚ್ಚಿ ನಿಂತಿದ್ದರು. ಇದೇನೋ ಆಳವಾದ ಯೋಜನೆಯಿರಬೇಕೆಂದು ಬಾಲು ತಾನೂ ಕಣ್ಣು ಮುಚ್ಚಿದ. ತೆರೆಯುವಷ್ಟರಲ್ಲಿ ನಾಲ್ಕನೆಯದೂ ಆಗಿತ್ತು.

ಹಾಫ್ ಟೈಮಿಗೆ ಹುಡುಗರು ತಲೆ ತಗ್ಗಿಸಿಕೊಂಡು ಬಂದು ಹುಲ್ಲಿನ ಮೇಲೆ ಕೂತರು. ಬಾಲು ಮೈಸೂರಿನಲ್ಲಿ ಇಂಥ ಮುಖಗಳನ್ನು ಎಷ್ಟು ಸಲ ನೋಡಿದ್ದನೋ. ಆಗ ಅವನಿಗೆ ಮಾಡಲು ಬರುತ್ತಿದ್ದದ್ದು ಒಂದೇ ಕೆಲಸ, ಈಗಲೂ ಅದೊಂದೇ. ಕ್ಲಬ್ ಕೋಣೆಯಿಂದ ಚಾಕು, ಹಲಗೆ ತಂದು, ಕೈ ತೊಳೆದು, ಕೈಗವಸು ಹಾಕಿಕೊಂಡು ಮಂಡಿಯೂರಿ ಕೂತ. ಇಪ್ಪತ್ತು ವರ್ಷವಾದರೂ ಕೈ ಮರೆತಿರಲಿಲ್ಲ. ಒಂದೊಂದು ಕಿತ್ತಳೆಯೂ ನಾಲ್ಕೇ ಏಟಿಗೆ ಸರಿಸಮನಾದ ಎಂಟು ಹೋಳಾಗಿ ಹೂವಿನಂತೆ ಬಿಚ್ಚಿಕೊಂಡಿತು. ತಿನ್ನುವಾಗ ಮಾತಾಡಬಾರದೆಂಬ ಕೊರೊನಾ ನಿಯಮವಿದ್ದುದರಿಂದ ಹುಡುಗರು ಮಾಸ್ಕ್ ಇಳಿಸಿ, ಮೌನವಾಗಿ, ದೇವಸ್ಥಾನದಲ್ಲಿ ಪ್ರಸಾದ ತಿನ್ನುವವರ ಹಾಗೆ ತಿಂದರು.

ತಕುಮಿ ಮಾತ್ರ ತಿನ್ನದೆ ಕೈಯಲ್ಲಿದ್ದ ಹೋಳನ್ನೇ ನೋಡುತ್ತಿದ್ದ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೈದಾನದ ಚಿತ್ರ ಬರೆದು, ಅದನ್ನು ಎಂಟು ಪಾಲು ಮಾಡಿ, ಒಂದೊಂದರಲ್ಲಿ ಒಬ್ಬೊಬ್ಬನ ಹೆಸರು ಬರೆದ. ಯಾರೂ ಇನ್ನೊಬ್ಬನ ಹೋಳಿಗೆ ಹೋಗುವ ಹಾಗಿಲ್ಲ. ಆಡುವ ಹನ್ನೊಂದು ಜನರಲ್ಲಿ ಗೋಲ್‌ಕೀಪರನನ್ನು ಬಿಟ್ಟರೆ ಇಬ್ಬರು ಉಳಿದರು. "ಈ ಇಬ್ಬರು ರಸ," ಎಂದು ತಕುಮಿ ಮೆಲ್ಲಗೆ ಹೇಳಿದ. "ಎಲ್ಲಿ ಬೇಕಾದರೂ ಹರಿಯಬಹುದು. ಸರಿಯೇ, ಕೋಚ್?"

ಬಾಲು ಅವನಿಗೆ ಇನ್ನೊಂದು ಹೋಳು ಕೊಟ್ಟ.

ಎರಡನೆಯ ಅರ್ಧದಲ್ಲಿ ಹುಡುಗರು ಗುಂಪುಗೂಡಲಿಲ್ಲ. ಎದುರಾಳಿಗಳು ಐದನೆಯ ಗೋಲನ್ನೂ ಹೊಡೆದರು, ನಿಜ. ಆದರೆ ಪಂದ್ಯ ಮುಗಿಯಲು ಆರು ನಿಮಿಷವಿದ್ದಾಗ ಚೆಂಡು ಒಂದು ಹೋಳಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿ, ರಸಗಳಲ್ಲಿ ಒಬ್ಬನಾಗಿದ್ದ ತಕುಮಿಯ ಕಾಲಿಗೆ ಬಂತು. ಅವನು ಕಣ್ಣು ಮುಚ್ಚಿಕೊಂಡು ಒದ್ದ. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು.

ಎರಡು ವರ್ಷದಲ್ಲಿ ಅದು ಮೊದಲ ಗೋಲು. ಕೂಗುವ ಹಾಗಿರಲಿಲ್ಲ. ಹುಡುಗರು ಬಾಯಿ ಬಿಗಿಹಿಡಿದು ಚಪ್ಪಾಳೆ ತಟ್ಟುತ್ತಾ ಅತ್ತರು. ಒಕುದಾ-ಸಾನ್‌ರ ಕಣ್ಣೀರು ಮಾಸ್ಕಿನೊಳಗೆ ಇಳಿಯಿತು. ಬಾಲು ಕೂಡ ಅತ್ತ, ಅದೂ ಆಫ್‌ಸೈಡ್ ಆಗಿತ್ತೋ ಇಲ್ಲವೋ ಗೊತ್ತಿಲ್ಲದೆ. ಐದು ಒಂದರಿಂದ ಸೋತ ತಂಡ ಗೆದ್ದವರಿಗಿಂತ ಹೆಚ್ಚು ಸಂತೋಷದಿಂದ, ಅಲ್ಲಿನ ರೂಢಿಯಂತೆ, ಮೈದಾನ ಗುಡಿಸಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹುಡುಗರ ಅಳು ನೋಡಿದ ಮೇಲೆ ಬಾಲುವಿನ ಮನಸ್ಸು ತಡೆಯಲಿಲ್ಲ. ಇವರಿಗೆ ನಿಜವಾದ ಗುರು ಬೇಕು. ಅವನು ಕ್ಲಬ್ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ಸುಗಿಯುರಾ-ಸಾನ್ ಮುಂದೆ ಹೋಗಿ ನೆಲಕ್ಕೆ ತಲೆ ತಾಗುವಷ್ಟು ಬಾಗಿದ.

"ಗುರುಗಳೇ, ವಿನಯ ಸಾಕು. ಇನ್ನು ತಂಡವನ್ನು ನೀವೇ ಕೈಗೆತ್ತಿಕೊಳ್ಳಿ. ನನಗೆ ನಿಜವಾಗಿಯೂ ಏನೂ ಗೊತ್ತಿಲ್ಲ."

ಸುಗಿಯುರಾ-ಸಾನ್ ಲೋಟ ಕೆಳಗಿಟ್ಟರು. "ನಿಜವಾಗಿಯೂ?"

"ಹೆಂಡತಿ ಮಕ್ಕಳಾಣೆ."

"ನನಗೂ ನಿಜವಾಗಿಯೂ ಗೊತ್ತಿಲ್ಲವಲ್ಲ," ಎಂದರು ಸುಗಿಯುರಾ-ಸಾನ್. "ನಾನು ಈ ಕಾಲೇಜಿನವನು, ಆದರೆ ಆಗ ಹೂ ಜೋಡಿಸುವ ಕ್ಲಬ್ಬಿನಲ್ಲಿದ್ದೆ. ಈ ಕೋಣೆಯ ಬೀಗದ ಕೈ ಇಟ್ಟುಕೊಳ್ಳಲು ಒಬ್ಬ ನಿವೃತ್ತರು ಬೇಕು ಎಂದು ಒಕುದಾ-ಸಾನ್ ಕೇಳಿದರು. ಆಮೇಲೆ ಟ್ರ್ಯಾಕ್‌ಸೂಟ್ ಬಂತು. ಗೊತ್ತಿಲ್ಲ ಎಂದೆ. ಚಪ್ಪಾಳೆ ತಟ್ಟಿದರು. ನೀವು ಇದ್ದೀರಲ್ಲ ಎಂಬ ಧೈರ್ಯದಲ್ಲಿ ಸುಮ್ಮನಾದೆ."

ಇಬ್ಬರೂ ನೊನೊಯಾಮಾ-ಸಾನ್ ಕಡೆಗೆ ತಿರುಗಿದರು.

"ನನ್ನನ್ನು ಕರೆದದ್ದು ತಂಡದ ಬಸ್ ಓಡಿಸಲು," ಎಂದರು ಅವರು. "ಬಸ್ ಎಲ್ಲಿದೆ ಎಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ."

ಆಮೇಲೆ ಸುಗಿಯುರಾ-ಸಾನ್‌ಗೆ ನಗು ಬಂತು, ನೊನೊಯಾಮಾ-ಸಾನ್‌ಗೂ ಬಂತು, ಬಾಲುವಿಗೆ ಅಳುವೋ ನಗುವೋ ತಿಳಿಯದ ಏನೋ ಒಂದು ಬಂತು. ನಕ್ಕು ಸುಸ್ತಾದ ಮೇಲೆ ಮೂವರೂ ಒಟ್ಟಿಗೆ ಹೋಗಿ ಹೇಳಿಬಿಡುವುದೆಂದು ತೀರ್ಮಾನವಾಯಿತು. ಒಬ್ಬ ಹೇಳಿದರೆ ವಿನಯ ಎನ್ನಬಹುದು, ಮೂವರು ಹೇಳಿದರೆ ಸಾಕ್ಷಿಯಾಗುತ್ತದೆ ಎಂಬುದು ನೊನೊಯಾಮಾ-ಸಾನ್‌ರ ವಾದ.

ಒಕುದಾ-ಸಾನ್ ಲ್ಯಾಪ್‌ಟಾಪ್ ಮುಚ್ಚುವುದರಲ್ಲಿದ್ದರು. ಮೂವರೂ ಸಾಲಾಗಿ ನಿಂತು, ಒಟ್ಟಿಗೆ ಬಾಗಿ, ನಮಗೆ ಫುಟ್‌ಬಾಲ್ ಗೊತ್ತಿಲ್ಲ, ನಮ್ಮನ್ನು ಬಿಟ್ಟುಬಿಡಿ ಎಂದರು.

"ಒಂದೇ ದಿನದಲ್ಲಿ ಇಷ್ಟು ಒಗ್ಗಟ್ಟು," ಎಂದರು ಒಕುದಾ-ಸಾನ್. "ಮೂವರಲ್ಲಿ ಒಬ್ಬರೂ ಆ ಗೋಲಿನ ಕೀರ್ತಿ ತೆಗೆದುಕೊಳ್ಳಲು ಒಪ್ಪುತ್ತಿಲ್ಲ."

"ಹಾಗಲ್ಲ," ಎಂದು ಸುಗಿಯುರಾ-ಸಾನ್ ಮುಂದೆ ಬಂದರು. ಹೇಗಾದರೂ ಪಾರಾಗಬೇಕಿತ್ತು ಅವರಿಗೆ. "ನಾನಂತೂ ಮುಖ್ಯ ಕೋಚ್ ಪಟ್ಟಕ್ಕೆ ತಕ್ಕವನಲ್ಲ. ಆ ಎಂಟು ಹೋಳು ಬಾರಾ-ಸಾನ್ ಅವರದು. ಪಟ್ಟವೂ ಅವರಿಗೇ ಸಲ್ಲಬೇಕು. ನನಗೆ ಬೀಗದ ಕೈ ಸಾಕು."

ಬಾಲು ತಡೆಯುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಇನ್ನೂ ಉಳಿದಿದ್ದ ನೂರಾರು ಚೌಕಗಳು ಚಪ್ಪಾಳೆ ತಟ್ಟಿದವು.

ವಾಪಸು ಬರುವಾಗ ಒಕುದಾ-ಸಾನ್ ಕಾರಿನಲ್ಲಿ ಪತ್ರದ ವಿಷಯ ತೆಗೆದರು. "ಮುಖ್ಯ ಕೋಚ್ ಆದವರು ಒಂದು ಪಂದ್ಯವನ್ನೂ ಗೆಲ್ಲದೆ ಬಹುಮಾನದ ಹಾಗೆ ಪತ್ರ ತೆಗೆದುಕೊಳ್ಳಲು ಸಂಕೋಚಪಡುತ್ತಾರೆ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಮೊದಲ ಗೆಲುವಿನ ದಿನವೇ ಮುದ್ರೆ ಒತ್ತುತ್ತೇನೆ."

ಆಮೇಲೆ ಅವರೇ ಸಮಾಧಾನದ ಮಾತನ್ನೂ ಹೇಳಿದರು. "ಚಿಂತೆ ಬೇಡ. ಮುಂದಿನ ಭಾನುವಾರದ ಎದುರಾಳಿ ಒಂದು ಅಡುಗೆ ಕಾಲೇಜಿನ ತಂಡ. ಅವರಲ್ಲಿ ಈಗ ಒಂಬತ್ತೇ ಜನ ಇದ್ದಾರಂತೆ."

ಒಂಬತ್ತೇ ಜನ ಎಂಬ ಮಾತು ಬಾಲುವಿನ ಕಿವಿಗೆ ಅಮೃತದಂತೆ ಬಿತ್ತು. ಒಂದು ವಾರ. ಒಂಬತ್ತು ಜನ ಅಡುಗೆಯ ಹುಡುಗರು. ಒಂದು ಮುದ್ರೆ.

ಸಂಜೆ ಐದಕ್ಕೆ ಮನೆ ಸೇರಿದಾಗ ಕಾತ್ಯಾಯಿನಿ ಬಾಗಿಲಲ್ಲೇ ಕೇಳಿದಳು. "ನಿಜ ಹೇಳಿದ್ರಾ?"

"ಹೇಳ್ದೆ. ಕಾರಲ್ಲಿ ಒಂದ್ಸಲ, ಗ್ರೌಂಡಲ್ಲಿ ಒಂದ್ಸಲ, ಆಮೇಲೆ ಮೂರು ಜನ ಸೇರ್ಕೊಂಡು ಒಂದ್ಸಲ."

"ಏನಂದ್ರು?"

"ಹೆಡ್ ಕೋಚ್ ಮಾಡಿದ್ರು."

ಮೇಲಿನ ಮಹಡಿಯಲ್ಲಿ ಚಂದ್ರಮೋಹನ್ ಆಗಲೇ ಎರಡನೆಯ ಪ್ಯಾರಾ ಬರೆದು ಬಳಗದ ಪೇಜಿಗೆ ಹಾಕಿಬಿಟ್ಟಿದ್ದರು. 'ಜಪಾನಿನ ಕಾಲೇಜು ತಂಡವೊಂದಕ್ಕೆ ನಮ್ಮ ಕನ್ನಡಿಗ ಮುಖ್ಯ ಕೋಚ್.' ಅವರ ಜೀವಮಾನದಲ್ಲೇ ಒಂದು ಅಕ್ಷರವೂ ಸುಳ್ಳಿಲ್ಲದ ಪ್ಯಾರಾ ಅದು. ಯಾರೂ ನಂಬಲಿಲ್ಲ. ಬಾಲುವಿನ ಭಾವಮೈದುನ ನಗುವ ಮುಖ ಹಾಕಿದ. ಫೋಟೋದಲ್ಲಿದ್ದ ಹಳೆಯ ಕಾಲೇಜು ತಂಡದ ನಾಯಕ ಶಿವಕುಮಾರ ಮಾತ್ರ ಮೈಸೂರಿನಿಂದ ಉದ್ದಕ್ಕೆ ಬರೆದಿದ್ದ.

'ಲೋ ಬಾಲು, ಬಿಲ್ಡಪ್ಪಿಗೂ ಒಂದು ಲಿಮಿಟ್ ಬೇಡ್ವೇನೋ? ನಾಲ್ಕು ವರ್ಷ ನಾನು ಕ್ಯಾಪ್ಟನ್ ಆಗಿದ್ದೆ. ಒಂದು ದಿನ ನೀನು ಬಾಲ್ ಒದ್ದಿದ್ದು ನೋಡಿಲ್ಲ. ನೀನು ಕಟ್ ಮಾಡಿ ಕೊಡ್ತಿದ್ದ ಕಿತ್ತಳೆ ಮಾತ್ರ ಇವತ್ತಿಗೂ ಮರೆತಿಲ್ಲ ಕಣೋ.'

ಬಾಲು ಅದನ್ನು ಮೂರು ಸಲ ಓದಿದ. ಕಣ್ಣು ತುಂಬಿ ಬಂತು. ಇಡೀ ಭೂಮಿಯ ಮೇಲೆ ತನಗೆ ಆಟ ಬಾರದೆಂದು ನಂಬುವ ಒಬ್ಬನೇ ಒಬ್ಬ ಮನುಷ್ಯ. ಅದೂ ತಂಡದ ನಾಯಕನ ಕೈಬರಹದ ಸಾಕ್ಷಿ ಇದ್ದ ಹಾಗೆ. ಅಡುಗೆ ಹುಡುಗರ ಮೇಲೆ ಗೆದ್ದು ಮುದ್ರೆ ಪಡೆಯುವುದು ಸುಲಭವೇನೋ ನಿಜ, ಆದರೆ ಅದು ಕಾತ್ಯಾಯಿನಿ ಹೇಳಿದ ಹಾಗೆ ಮೋಸವೇ ಅಲ್ಲವೇ? ತಕುಮಿಯ ಮುಖ ಕಣ್ಣ ಮುಂದೆ ಬಂತು. ಬಾಲು ಆ ಮಾತುಗಳನ್ನು ಒಂದಕ್ಷರ ಬಿಡದೆ ಜಪಾನಿಗೆ ತಿರುಗಿಸಿ, ಫೋಟೋ ಸಮೇತ ಒಕುದಾ-ಸಾನ್‌ಗೆ ಕಳಿಸಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಹತ್ತು ನಿಮಿಷಕ್ಕೆ ಉತ್ತರ ಬಂತು.

'ಬಾರಾ-ಸಾನ್, ನಿಮ್ಮ ನಾಯಕರ ಪತ್ರ ಓದಿದೆ. ಇಷ್ಟು ವರ್ಷದ ನಂತರವೂ ನೀವು ಕೊಟ್ಟ ಕಿತ್ತಳೆ ಅವರ ನೆನಪಿನಲ್ಲಿದೆ. ಕಾಲನ್ನೇ ಬಳಸದೆ ತಂಡವನ್ನು ನಡೆಸಿದವರು ನೀವು. ಪತ್ರವನ್ನು ಸಂಘದ ಎಲ್ಲರಿಗೂ, ಬೇರೆ ಕಾಲೇಜುಗಳಿಗೂ ಕಳಿಸಿದೆ. ಸಂತೋಷದ ಸುದ್ದಿ. ಕಳೆದ ವರ್ಷದ ಚಾಂಪಿಯನ್ ತಂಡದವರು ನಿಮ್ಮ ಎಂಟು ಹೋಳಿನ ಪದ್ಧತಿ ನೋಡಬೇಕೆಂದು ತಾವಾಗಿಯೇ ಕೇಳಿದ್ದಾರೆ. ಮುಂದಿನ ಭಾನುವಾರ ಅಡುಗೆ ಕಾಲೇಜಿನ ಬದಲು ಅವರೇ ಬರುತ್ತಾರೆ. ಮುದ್ರೆಯನ್ನು ಮೈದಾನಕ್ಕೇ ತರುತ್ತೇನೆ.'

ಬಾಲು ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದ ಮಗಳ ಪಕ್ಕ ಹೋಗಿ ಕೂತ.

"ಸ್ಫೂರ್ತಿ, ಬೆಳಿಗ್ಗೆ ಇಡ್ಲೀಲಿ ಅದೇನೋ ತೋರಿಸ್ತಿದ್ಯಲ್ಲ. ಇನ್ನೊಂದ್ಸಲ ತೋರ್ಸಮ್ಮ."

"ಸಾರಿ, ಅಪ್ಪಾ," ಎಂದಳು ಸ್ಫೂರ್ತಿ ಪುಸ್ತಕದಿಂದ ತಲೆ ಎತ್ತದೆ. "ಇಡ್ಲಿ ಖಾಲಿ. ಲಾಸ್ಟ್ ಡಿಫೆಂಡರ್‌ನ ನೀನೇ ತಿಂದ್ಬಿಟ್ಟೆ."